ಹಗುರ ಮಾರ್ಬಲ್ಲಿಗೆ ಸಹಿ ಹಾಕುವ ಮುನ್ನ

ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘಗಳ ಪದಾಧಿಕಾರಿಗಳಿಗೂ ಸದಸ್ಯರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,



ನಿಮ್ಮ ಮುಂದಿನ ಸರ್ವಸದಸ್ಯರ ಸಭೆಯ ಅಜೆಂಡಾದಲ್ಲಿ ‘ಎಲಿವೇಷನ್ ನವೀಕರಣ’ ಎಂಬ ಬಾಬತ್ತು ಇದ್ದರೆ ಈ ಪತ್ರ ನಿಮಗೇ ಬರೆದದ್ದು. ಹದಿನೈದಿಪ್ಪತ್ತು ವರ್ಷ ಹಳೆಯದಾದ ಕಟ್ಟಡಕ್ಕೆ ಬಣ್ಣ ಹೊಡೆಸೋಣ ಎಂದು ಶುರುವಾದ ಮಾತು, ಯಾರೋ ಮೊಬೈಲಿನಲ್ಲಿ ತೋರಿಸಿದ ಹೊಸ ಹೋಟೆಲಿನ ಫೋಟೋ ನೋಡಿದ ಮೇಲೆ ಮಾರ್ಬಲ್ಲಿಗೆ ಬಂದು ನಿಲ್ಲುತ್ತದೆ. ಕೊಟೇಶನ್ ಹಿಡಿದು ಬಂದವರು ಅಂಗೈಯಗಲದ ಸ್ಯಾಂಪಲ್ಲನ್ನು ಮೇಜಿನ ಮೇಲಿಟ್ಟು ‘ಎತ್ತಿ ನೋಡಿ ಸಾರ್’ ಅನ್ನುತ್ತಾರೆ. ಎತ್ತಿದವರ ಮುಖ ಅರಳುತ್ತದೆ. ನೋಡಿದರೆ ಅಪ್ಪಟ ಇಟಾಲಿಯನ್ ಮಾರ್ಬಲ್, ಕೈಗೆ ಮಾತ್ರ ಭಾರವೇ ಇಲ್ಲ. ಸಭೆ ಅಲ್ಲಿಗೆ ಅರ್ಧ ಮುಗಿದ ಹಾಗೆ.

ನಾನು ಕಟ್ಟಡಗಳ ಕಂಬ, ತೊಲೆ, ಗೋಡೆಗಳ ಲೆಕ್ಕ ಹಾಕುತ್ತ ಬಂದ ಎಂಜಿನಿಯರ್. ಕಲ್ಲು ಹೊದಿಸಿದ ಗೋಡೆಗಳ ತಂಟೆ ತಕರಾರುಗಳನ್ನು ನೋಡಲು ಆಗಾಗ ಸಂಘಗಳವರು ಕರೆಸುತ್ತಾರೆ. ಹಗುರ ಮಾರ್ಬಲ್ ಪ್ಯಾನೆಲ್ ಬೇಡ ಎನ್ನಲು ಈ ಪತ್ರ ಬರೆಯುತ್ತಿಲ್ಲ. ಅದು ಒಳ್ಳೆಯ ವಸ್ತು. ಕಟ್ಟಡದ ಒಳಗಾದರೆ ಧೈರ್ಯವಾಗಿ ಬಳಸಿ. ಹೊರಗೋಡೆಗೆ ಹಾಕುವುದಾದರೆ, ಅದು ಎಷ್ಟು ಹಗುರ ಎಂದು ಕೇಳುವುದನ್ನು ನಿಲ್ಲಿಸಿ ಅದನ್ನು ಯಾವುದು ಹಿಡಿದುಕೊಂಡಿದೆ ಎಂದು ಕೇಳಿ. ನನ್ನ ಅರಿಕೆ ಇಷ್ಟೇ. ಮುಂದಿನದೆಲ್ಲ ಅದಕ್ಕೆ ಕಾರಣ.

ಮೊದಲು ಆ ಪ್ಯಾನೆಲ್ ಎಂದರೇನೆಂದು ತಿಳಿಯೋಣ. 20 ಮಿ.ಮೀ. ದಪ್ಪದ ಮಾರ್ಬಲ್ ಹಲಗೆಯ ಎರಡೂ ಮುಖಗಳಿಗೆ ಅಲ್ಯೂಮಿನಿಯಂನ ಜೇನುಗೂಡಿನಂಥ ಹಲಗೆಗಳನ್ನು ಎಪಾಕ್ಸಿಯಿಂದ ಅಂಟಿಸುತ್ತಾರೆ. ಆಮೇಲೆ ಕಲ್ಲನ್ನು ದಪ್ಪದ ನಟ್ಟನಡುವೆ ಗರಗಸದಿಂದ ಸೀಳುತ್ತಾರೆ. ಒಂದು ಹಲಗೆಯಿಂದ ಎರಡು ಪ್ಯಾನೆಲ್. ಗರಗಸಕ್ಕೆ, ಉಜ್ಜುವುದಕ್ಕೆ ಹೋದದ್ದು ಕಳೆದು ಎರಡರ ಮೇಲೂ ಸುಮಾರು 5 ಮಿ.ಮೀ. ಕಲ್ಲು, ಬೆನ್ನಿಗೆ ಷಟ್ಕೋನದ ಟೊಳ್ಳು ಕೋಶಗಳ ಲೋಹ. ಒಂದೇ ಕಲ್ಲು ಸೀಳಿದ್ದರಿಂದ ಎರಡರ ಮೈಮೇಲಿನ ಗೆರೆಗಳು ತೆರೆದ ಪುಸ್ತಕದ ಎರಡು ಪುಟಗಳ ಹಾಗೆ ಜೋಡಿಯಾಗಿ ಕೂರುತ್ತವೆ. ಲಿಫ್ಟ್ ಲಾಬಿಯ ಗೋಡೆಯಲ್ಲಿ ಈ ಜೋಡಿ ನೋಡುವುದು ನನಗೂ ಇಷ್ಟ.

ತೂಕದ ಲೆಕ್ಕ ನೋಡಿ. 20 ಮಿ.ಮೀ. ಮಾರ್ಬಲ್ ಚದರ ಮೀಟರಿಗೆ ಸುಮಾರು 54 ಕೆ.ಜಿ., ಅಂದರೆ ಚದರಡಿಗೆ ಐದು ಕೆ.ಜಿ. ಜೇನುಗೂಡಿನ ಪ್ಯಾನೆಲ್ ಚದರ ಮೀಟರಿಗೆ 16ರಿಂದ 18 ಕೆ.ಜಿ. ಮೂರನೇ ಒಂದು ಪಾಲು. ಈ ವ್ಯತ್ಯಾಸ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಲಿಫ್ಟಿನ ಉದಾಹರಣೆಯಲ್ಲೇ ಹೇಳುತ್ತೇನೆ. ನಿಮ್ಮಲ್ಲಿ ಬಹುಮಂದಿಯ ಕಟ್ಟಡದಲ್ಲಿರುವುದು ಎಂಟು ಜನರ ಲಿಫ್ಟ್. ಅದರ ಮಿತಿ 544 ಕೆ.ಜಿ. ಎಂದು ಒಳಗೇ ಬರೆದಿರುತ್ತದೆ. ಆ ಕ್ಯಾಬಿನ್ನಿನ ಮೂರು ಗೋಡೆ ಸೇರಿದರೆ ಏಳೂವರೆ ಚದರ ಮೀಟರ್ ಇರಬಹುದು. ಅದಕ್ಕೆ ಮಾಮೂಲಿ ಮಾರ್ಬಲ್ ಹೊದಿಸಿದರೆ ಕಲ್ಲೇ 400 ಕೆ.ಜಿ. ಆಗುತ್ತದೆ. ಜನ ಹತ್ತುವ ಮೊದಲೇ ಆರು ಜನ ಹತ್ತಿ ನಿಂತ ಲೆಕ್ಕ. ಪ್ಯಾನೆಲ್ಲಾದರೆ 130 ಕೆ.ಜಿ. ಆಸುಪಾಸಿನಲ್ಲಿ ಮುಗಿಯುತ್ತದೆ. ಅದೂ ಹೊರೆಯೇ. ಲಿಫ್ಟಿನ ಎದುರುಭಾರವನ್ನು ಖಾಲಿ ಕ್ಯಾಬಿನ್ನಿನ ತೂಕಕ್ಕೆ ಹೊರೆಮಿತಿಯ ಸುಮಾರು ಅರ್ಧದಷ್ಟು ಸೇರಿಸಿ ಹೊಂದಿಸಿರುತ್ತಾರಾದ್ದರಿಂದ, ಲಿಫ್ಟ್ ಕಂಪನಿಯವರ ಲಿಖಿತ ಒಪ್ಪಿಗೆ ಇಲ್ಲದೆ ಇಂಟೀರಿಯರ್‌ನವರು ಕ್ಯಾಬಿನ್ನಿಗೆ ಒಂದು ಕನ್ನಡಿಯನ್ನೂ ಅಂಟಿಸಲು ಬಿಡಬೇಡಿ.

ಹಗುರದಿಂದ ಲಾಭವಾಗುವ ಇನ್ನೊಬ್ಬರಿದ್ದಾರೆ, ಅವರು ನಿಮ್ಮ ಸಭೆಗೆ ಬರುವವರಲ್ಲ. ಒಂಬತ್ತಡಿ ಉದ್ದ, ಐದಡಿ ಅಗಲದ ಮಾರ್ಬಲ್ ಹಲಗೆ 220 ಕೆ.ಜಿ. ದಾಟುತ್ತದೆ. ಜಿಗಣಿಯ ಕಡೆ ಕಲ್ಲಿನ ಯಾರ್ಡುಗಳಲ್ಲಿ, ಅಪಾರ್ಟ್‌ಮೆಂಟಿನ ಗೇಟಿನ ಮುಂದೆ, ಲಾರಿಯಿಂದ ಈ ಹಲಗೆಗಳನ್ನು ಇಳಿಸುವುದನ್ನು ಒಮ್ಮೆ ನಿಂತು ನೋಡಿ. ಹಲಗೆಗಳು ಓರೆಯಾಗಿ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಹಗ್ಗ ಬಿಚ್ಚಿದ ಕ್ಷಣ ಒಂದು ಹಲಗೆ ನೆಟ್ಟಗಾಗಿ ಈಚೆಗೆ ವಾಲಿತೆಂದರೆ ಅದರ ಹಿಂದಿನದೂ ಬರುತ್ತದೆ. ನಡುವೆ ನಿಂತ ಹಮಾಲಿಗೆ ಓಡಲು ಜಾಗವಿರುವುದಿಲ್ಲ. ಅಷ್ಟೇ ಅಳತೆಯ ಪ್ಯಾನೆಲ್ಲಾದರೆ 70 ಕೆ.ಜಿ. ಆಸುಪಾಸು, ಮೂರ್ನಾಲ್ಕು ಜನ ಹಿಡಿದು ಮೆಟ್ಟಿಲ ಮೇಲೂ ಸಾಗಿಸಬಹುದು. ದರ ಜಾಸ್ತಿ ಎಂದು ಖಜಾಂಚಿಗಳು ಮೂಗು ಮುರಿಯುವಾಗ ಈ ಲೆಕ್ಕವೂ ನೆನಪಿರಲಿ.

ಒಳಾಂಗಣದ ಬಗ್ಗೆ ಇಷ್ಟು ಸಾಕು. ಇನ್ನು ಹೊರಗೋಡೆ.

ದಕ್ಷಿಣ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ನನ್ನನ್ನು ಕರೆಸಿದ್ದರು. ನಾಲ್ಕನೇ ಮಹಡಿಯ ಎತ್ತರದಿಂದ ಒಂದು ಮಾರ್ಬಲ್ ಹಲಗೆ ನಸುಕಿನಲ್ಲಿ ಕಳಚಿ, ಕೆಳಗೆ ನಿಲ್ಲಿಸಿದ್ದ ಎರಡು ಸ್ಕೂಟರುಗಳ ಮೇಲೆ ಬಿದ್ದಿತ್ತು. ಅದು ಜೇನುಗೂಡಿನ ಪ್ಯಾನೆಲ್ ಅಲ್ಲ, ಮಾಮೂಲಿ 18 ಮಿ.ಮೀ. ಹಲಗೆ; ಟೈಲ್ಸ್ ಅಂಟಿಸುವ ಅಂಟಿನಿಂದ ನೇರ ಗಿಲಾವಿನ ಮೇಲೆ ಕೂರಿಸಿದ್ದರು. ಬಿದ್ದ ತುಂಡುಗಳನ್ನು ಮಗುಚಿ ನೋಡಿದೆ. ಗೋಡೆಯ ಮೇಲೆ ಮೇಸ್ತ್ರಿ ಹಲ್ಲುಕರಣೆಯಿಂದ ಎಳೆದ ಅಂಟಿನ ಗೆರೆಗಳು ಎಳೆದ ಹಾಗೆಯೇ ಇದ್ದವು. ಕಲ್ಲಿನ ಬೆನ್ನಿಗೆ ಅದರಲ್ಲೊಂದು ಚೂರೂ ಕಚ್ಚಿರಲಿಲ್ಲ. ಅಲ್ಲಿ ಇದ್ದದ್ದು ನುಣ್ಣನೆಯ ಎಪಾಕ್ಸಿ, ಅದರೊಳಗೆ ಹುದುಗಿದ ಫೈಬರ್ ಜಾಲರಿ. ಸಾಗಣೆಯಲ್ಲಿ ಒಡೆಯದಿರಲಿ ಎಂದು ಕಾರ್ಖಾನೆಯಲ್ಲೇ ಅಂಟಿಸಿ ಕಳಿಸುವ ಜಾಲರಿ ಅದು. ಸಿಮೆಂಟಿನ ಅಂಟು ಅದನ್ನು ಹಿಡಿಯುವುದಿಲ್ಲ. ಉಜ್ಜಿ ತೆಗೆಯಬೇಕಿತ್ತು, ಇಲ್ಲವೇ ಕ್ಲ್ಯಾಂಪಿನಿಂದ ಹಿಡಿಸಬೇಕಿತ್ತು.

ಉಳಿದ ಹಲಗೆಗಳನ್ನು ತೊಟ್ಟಿಲು ಇಳಿಬಿಟ್ಟು ಒಂದೊಂದಾಗಿ ಮರದ ಸುತ್ತಿಗೆಯಿಂದ ತಟ್ಟಿಸಿದೆವು. ಗಟ್ಟಿ ಇದ್ದಲ್ಲಿ ಸದ್ದು ಕಿರಿದಾಗಿ ಬರುತ್ತದೆ; ಬಿಟ್ಟುಕೊಂಡಲ್ಲಿ ಡಬಡಬ. ಟೊಳ್ಳು ಸಿಕ್ಕಲ್ಲೆಲ್ಲ ಸೀಮೆಸುಣ್ಣದಿಂದ ಸುತ್ತು ಹಾಕಿದರು. ಸಂಜೆಗೆ ಕೆಳಗೆ ನಿಂತು ನೋಡಿದರೆ ಪಶ್ಚಿಮದ ಗೋಡೆಯಲ್ಲಿ ಸುತ್ತಿಲ್ಲದ ಕಲ್ಲುಗಳನ್ನೇ ಹುಡುಕಬೇಕಾಗಿತ್ತು. ಆ ಗೋಡೆಯ ಬುಡದಲ್ಲೇ ಮಕ್ಕಳು ಶಾಲಾ ವಾಹನಕ್ಕೆ ಕಾಯುವ ಜಾಗ.

‘ನಮ್ಮದು ಹಗುರದ್ದಲ್ಲವೇ, ಅಂಟಿಸಿದರೂ ನಿಲ್ಲುತ್ತದೆ’ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಇಲ್ಲಿ ಒಂದು ನಿಮಿಷ ನಿಲ್ಲಿ. ಎತ್ತರದ ಗೋಡೆಯಿಂದ ಪ್ಯಾನೆಲ್ಲನ್ನು ಕೀಳುವುದು ಅದರ ಸ್ವಂತ ತೂಕಕ್ಕಿಂತ ಹೆಚ್ಚಾಗಿ ಗಾಳಿ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಗಂಟೆಗೆ ಹೆಚ್ಚುಕಡಿಮೆ 120 ಕಿ.ಮೀ. ಆ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕೆ.ಜಿ. ಭಾರಕ್ಕೆ ಸಮ. ಕಟ್ಟಡದ ಎತ್ತರ, ಸುತ್ತಮುತ್ತಲಿನ ಕಟ್ಟಡಗಳು ಇವೆಲ್ಲ ಸೇರಿ ಈ ಅಂಕಿ ಮೇಲೆ ಕೆಳಗೆ ಆಗುತ್ತದೆ. ಆದರೆ ನೋಡಿ, ಚದರ ಮೀಟರಿಗೆ 17 ಕೆ.ಜಿ. ತೂಗುವ ಪ್ಯಾನೆಲ್ಲನ್ನು ಗಾಳಿ 65 ಕೆ.ಜಿ. ಲೆಕ್ಕದಲ್ಲಿ ಈಚೆಗೆ ಎಳೆಯಬಲ್ಲದು. ಕಟ್ಟಡದ ಮೂಲೆಗಳಲ್ಲಿ, ಮೇಲಿನ ಅಂಚಿನಲ್ಲಿ ಈ ಸೆಳೆತ ಇನ್ನೂ ಜೋರು. ಏಪ್ರಿಲ್-ಮೇ ತಿಂಗಳ ಸಂಜೆಮಳೆಗೆ ಮುಂಚೆ ಬೀಸುವ ಗಾಳಿಯಲ್ಲಿ ಎಂಥೆಂಥ ಮರಗಳು ಉರುಳುತ್ತವೆ ಎಂದು ನಿಮಗೇ ಗೊತ್ತು. ಕಲ್ಲು ಹಗುರಾಗಿದೆಯೆಂದು ಬೋಲ್ಟನ್ನು ಹಗುರ ಮಾಡಿದರೆ ಗಾಳಿ ರಿಯಾಯಿತಿ ಕೊಡುವುದಿಲ್ಲ.

ಆದ್ದರಿಂದ ನೆಲಮಟ್ಟದಿಂದ ಮೇಲಿನ ಯಾವ ಹೊರಗೋಡೆಗೂ ಬರೀ ಅಂಟಿನ ಕೆಲಸಕ್ಕೆ ಒಪ್ಪಬೇಡಿ. ಪ್ಯಾನೆಲ್ಲಿನ ಬೆನ್ನಲ್ಲಿ ಬುಶ್ ಕೂರಿಸಿ, ಅದಕ್ಕೆ ಕ್ಲಿಪ್ ಬಿಗಿದು, ಗೋಡೆಗೆ ಹೊಡೆದ ಅಲ್ಯೂಮಿನಿಯಂ ಚೌಕಟ್ಟಿಗೆ ಸಿಕ್ಕಿಸುವ ಪದ್ಧತಿಯೇ ಇರಲಿ. ಚೌಕಟ್ಟನ್ನು ಯಾವುದಕ್ಕೆ ಹೊಡೆಯುತ್ತಾರೆ ಎಂದೂ ಕೇಳಿ. ಕಾಂಕ್ರೀಟ್ ತೊಲೆಗೋ, ಟೊಳ್ಳು ಬ್ಲಾಕಿಗೋ, ಇಪ್ಪತ್ತು ವರ್ಷದ ಸಡಿಲ ಗಿಲಾವಿಗೋ? ನಿಮ್ಮ ಗೋಡೆಯ ಮೇಲೇ ನಾಲ್ಕಾರು ಕಡೆ ಬೋಲ್ಟ್ ಹೊಡೆದು ಯಂತ್ರದಿಂದ ಎಳೆದು ನೋಡುವ ಪುಲ್-ಔಟ್ ಪರೀಕ್ಷೆಗೆ ಅರ್ಧ ದಿನ ಸಾಕು. ಕೆಲಸ ಶುರುವಾಗುವ ಮೊದಲು ಸಮಿತಿಯ ಇಬ್ಬರು ಎದುರು ನಿಂತು ಅದನ್ನು ಮಾಡಿಸಿ.

ಹಿಡಿತ ಸರಿಯಿದ್ದರೂ ಕಲ್ಲಿನದೇ ಒಂದು ಸ್ವಭಾವವಿದೆ. ಶಿಕಾಗೋದಲ್ಲಿ 1970ರ ದಶಕದ ಮೊದಲರ್ಧದಲ್ಲಿ ಒಂದು ತೈಲ ಕಂಪನಿ 346 ಮೀಟರ್ ಎತ್ತರದ ಗೋಪುರ ಕಟ್ಟಿಸಿತು. ಆಮೇಲೆ ಅಮೋಕೋ ಕಟ್ಟಡ ಎಂದು ಹೆಸರಾಗಿ, ಈಗ ಏಯಾನ್ ಸೆಂಟರ್ ಎನಿಸಿಕೊಂಡಿರುವುದು ಅದೇ. ಮೈತುಂಬ ಇಟಲಿಯ ಕರಾರಾ ಮಾರ್ಬಲ್, ಸುಮಾರು 43,000 ಹಲಗೆಗಳು. ದಪ್ಪ ಒಂದೂಕಾಲು ಇಂಚಿನ ಆಸುಪಾಸು, ಆ ಕಾಲಕ್ಕೆ ಬಹಳ ತೆಳು. ಕೆಲಸ ಪೂರ್ತಿ ಮುಗಿಯುವ ಮೊದಲೇ ಒಂದು ಹಲಗೆ ಪಕ್ಕದ ಕಟ್ಟಡದ ಛಾವಣಿ ಒಡೆದುಕೊಂಡು ಒಳಗಿಳಿಯಿತು. ಹತ್ತು ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಹಲಗೆಗಳು ಹಪ್ಪಳದ ಹಾಗೆ ಬಾಗಿದ್ದವು. ಉಕ್ಕಿನ ಪಟ್ಟಿ ಕಟ್ಟಿ ಹಿಡಿಸಿದರು. ಕೊನೆಗೆ 1990ರಿಂದ 1992ರವರೆಗೆ ಅಷ್ಟನ್ನೂ ಬಿಚ್ಚಿ ಬಿಳಿ ಗ್ರಾನೈಟ್ ಹಾಕಿದರು. ಖರ್ಚು ಎಂಟು ಕೋಟಿ ಡಾಲರಿಗೂ ಹೆಚ್ಚು.

ಅದೊಂದೇ ಅಲ್ಲ. ಹೆಲ್ಸಿಂಕಿಯಲ್ಲಿ ಆಲ್ವಾರ್ ಆಲ್ಟೊ ವಿನ್ಯಾಸ ಮಾಡಿದ ಫಿನ್‌ಲಾಂಡಿಯಾ ಹಾಲ್ 1971ರಲ್ಲಿ ತೆರೆಯಿತು. ಅದರ ಕರಾರಾ ಕಲ್ಲೂ ಬಾಗಿತು. 1990ರ ದಶಕದ ಕೊನೆಗೆ ಹಟಕ್ಕೆ ಬಿದ್ದವರಂತೆ ಅದೇ ಕರಾರಾ ಮತ್ತೆ ಹಾಕಿದರು, ಮತ್ತೆ ಬಾಗಿತು. ಟೊರಾಂಟೋದ 72 ಮಹಡಿಯ ಫಸ್ಟ್ ಕೆನಡಿಯನ್ ಪ್ಲೇಸ್‌ನಲ್ಲಿ 2007ರ ಮೇ ತಿಂಗಳಲ್ಲಿ 54ನೇ ಮಹಡಿಯಿಂದ ಒಂದು ಹಲಗೆ ಬಿದ್ದ ಮೇಲೆ, ಮಾರ್ಬಲ್ಲನ್ನೆಲ್ಲ ಇಳಿಸಿ ಗಾಜು ಹಾಕಿದರು. ದುಡ್ಡಿಗೆ ಕೊರತೆಯಿಲ್ಲದ, ಒಳ್ಳೆಯ ಎಂಜಿನಿಯರುಗಳನ್ನೇ ಇಟ್ಟುಕೊಂಡಿದ್ದವರ ಕಥೆಗಳಿವು.

ಕಲ್ಲು ಬಾಗುವುದೇಕೆ? ಮಾರ್ಬಲ್ ಎಂದರೆ ಕ್ಯಾಲ್ಸೈಟ್ ಹರಳುಗಳು ಒತ್ತೊತ್ತಾಗಿ ಕೂತ ಕಲ್ಲು. ಬಿಸಿಲಿಗೆ ಕಾದಾಗ ಕ್ಯಾಲ್ಸೈಟ್ ಹರಳು ಒಂದು ದಿಕ್ಕಿಗೆ ಹಿಗ್ಗುತ್ತದೆ, ಅದಕ್ಕೆ ಅಡ್ಡಲಾದ ದಿಕ್ಕಿನಲ್ಲಿ ಕುಗ್ಗುತ್ತದೆ. ಅಕ್ಕಪಕ್ಕದ ಹರಳುಗಳು ಒಂದೊಂದು ಒಂದೊಂದು ಕಡೆ ಮುಖ ಮಾಡಿ ಕೂತಿರುವುದರಿಂದ ದಿನವೂ ಒಂದನ್ನೊಂದು ತಳ್ಳಾಡಿ ಅವುಗಳ ಬೆಸುಗೆ ಸಡಿಲವಾಗುತ್ತದೆ. ಸಡಿಲವಾದಲ್ಲಿ ನೀರು ಸೇರುತ್ತದೆ. ತಣಿದ ಮೇಲೂ ಕಲ್ಲು ಮೊದಲಿನ ಅಳತೆಗೆ ಮರಳುವುದಿಲ್ಲ. ಎಲ್ಲ ಮಾರ್ಬಲ್ಲೂ ಒಂದೇ ಅಲ್ಲ. ಹರಳುಗಳು ಒಂದರೊಳಗೊಂದು ಹೆಣೆದುಕೊಂಡ ಜಾತಿಗಳು ತಡೆಯುತ್ತವೆ, ನೇರ ಅಂಚಿನ ಸಕ್ಕರೆ ಹರಳಿನಂಥವು ಬೇಗ ಸೋಲುತ್ತವೆ.

ಜೇನುಗೂಡಿನ ಬೆಂಬಲ ಇದ್ದರೆ ಕಲ್ಲು ಬಾಗುವುದು ಕಡಿಮೆ ಎಂಬುದು ನಿಜ. ಆದರೆ ಅಲ್ಯೂಮಿನಿಯಂ ಕಾದಾಗ ಮಾರ್ಬಲ್ಲಿಗಿಂತ ಎರಡು ಪಟ್ಟಿಗೂ ಮಿಗಿಲಾಗಿ ಹಿಗ್ಗುತ್ತದೆ. ಎರಡರ ಜಗಳವನ್ನು ತಾಳಿಕೊಳ್ಳಬೇಕಾದದ್ದು ನಡುವಿನ ಎಪಾಕ್ಸಿ. ಮಾರ್ಚ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಗೋಡೆಗೆ ಅಂಗೈ ಒತ್ತಿ ನೋಡಿ, ಆಗ ಆ ಎಪಾಕ್ಸಿಯ ಪಾಡು ಗೊತ್ತಾಗುತ್ತದೆ. ಹಾಗಾಗಿ, ಬಿಸಿಲು-ನೀರಿನ ಸರದಿಗೆ ಒಡ್ಡಿ ಪರೀಕ್ಷಿಸಿದ ಮೇಲೆ ಕಲ್ಲು ಮತ್ತು ಲೋಹದ ನಡುವಿನ ಅಂಟಿನ ಬಲ ಎಷ್ಟು ಉಳಿದಿತ್ತು ಎಂಬ ವರದಿಯನ್ನು ಕೇಳಿ. ‘ಹತ್ತು ವರ್ಷ ಗ್ಯಾರಂಟಿ’ ಎಂಬ ಬಣ್ಣದ ಕರಪತ್ರ ಆ ವರದಿಯಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಹೊರಗೋಡೆಗೆ ಬಿಳಿ ಇಟಾಲಿಯನ್ನೇ ಬೇಕೆಂಬ ಹಟ ಬಿಡಿ. ಅದೇ ಜೇನುಗೂಡಿನ ಬೆನ್ನಿಗೆ ನಮ್ಮ ಇಳಕಲ್ಲಿನ ಕೆಂಪನ್ನೋ ಚಾಮರಾಜನಗರದ ಕಪ್ಪನ್ನೋ ಕೂರಿಸಲು ಬರುತ್ತದೆ. ಗ್ರಾನೈಟ್ ಬಿಸಿಲಿಗೆ ಹೀಗೆ ಸಡಿಲಾಗುವ ಕಲ್ಲಲ್ಲ, ಹುಳಿಗೂ ಸುಲಭವಾಗಿ ಸೋಲದು. 1956ರಿಂದ ಮಳೆ, ಬಿಸಿಲು, ಹೊಗೆ ಕುಡಿದುಕೊಂಡು ನಿಂತಿರುವ ವಿಧಾನಸೌಧದ ಗ್ರಾನೈಟನ್ನು ದಿನವೂ ನೋಡುತ್ತಲೇ ನಾವು ಕರಾರಾ ಕರಾರಾ ಎನ್ನುವುದು ನನಗೆ ಅರ್ಥವಾಗದ ಸಂಗತಿ. ಅಲ್ಲಿನದು ದಪ್ಪ ಕಲ್ಲು, ಹೋಲಿಕೆ ಪೂರ್ತಿ ಸರಿಯಲ್ಲ ಎಂದು ನೀವು ಅಂದರೆ ಒಪ್ಪುತ್ತೇನೆ.

ಹೆಸರಿನಲ್ಲಿ ಮೋಸ ಹೋಗದಂತೆಯೂ ನೋಡಿಕೊಳ್ಳಿ. ‘ಲೈಟ್‌ವೇಟ್ ಮಾರ್ಬಲ್ ಶೀಟ್’ ಎಂದು ಅಂಗಡಿಗಳಲ್ಲಿ ಸಿಗುವ ಎಷ್ಟೋ ಸರಕು ಮಾರ್ಬಲ್ ಚಿತ್ರ ಅಚ್ಚು ಹಾಕಿದ ಪಿವಿಸಿ ಹಾಳೆ. ಬೆಂಕಿ ಬಿದ್ದರೆ ಅದು ಉಗುಳುವ ಹೊಗೆ ಉಸಿರುಗಟ್ಟಿಸುತ್ತದೆ. ಜನ ಇಳಿದು ಓಡಬೇಕಾದ ಮೆಟ್ಟಿಲು, ಲಿಫ್ಟ್ ಲಾಬಿಗಳಿಗೆ ಅದನ್ನು ತರಲೇಬೇಡಿ. ಕಲ್ಲಿನ ಪ್ಯಾನೆಲ್ಲಿನಲ್ಲೂ ಒಳಗಿರುವುದು ಅಲ್ಯೂಮಿನಿಯಂ ಜೇನುಗೂಡೋ, ಪ್ಲಾಸ್ಟಿಕ್ಕೋ, ಫೋಮೋ ಎಂದು ಒಂದು ತುಂಡನ್ನು ಅಡ್ಡಕ್ಕೆ ಕೊಯ್ಯಿಸಿ ಕಣ್ಣಾರೆ ನೋಡಿ. ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು ಹೊತ್ತಿದ ಬೆಂಕಿ ಹೊರಮೈಗೆ ಹೊದಿಸಿದ್ದ ಹಗುರ ಹಾಳೆಗಳ ಒಳಗಿನ ಪಾಲಿಎಥಿಲೀನ್ ಹಿಡಿದು ಮೇಲೇರಿತು. ಸತ್ತವರು 72 ಮಂದಿ. ಅಲ್ಲಿಯೂ ಅದು ಹಳೆಯ ಕಟ್ಟಡದ ನವೀಕರಣದಲ್ಲಿ ಹಾಕಿದ ಹೊದಿಕೆಯೇ.

ಹಾಕಿಸಿದ ಮೇಲಿನ ಸಂಸಾರದ ಬಗ್ಗೆ ನಾಲ್ಕು ಮಾತು. ಹೌಸ್‌ಕೀಪಿಂಗಿನವರ ಬಕೆಟ್ಟಿನಲ್ಲಿ ಆಸಿಡ್ ಇರಕೂಡದು. ಮಾರ್ಬಲ್ಲಿನ ಮೇಲೆ ಬಿದ್ದೊಡನೆ ನೊರೆಯೆದ್ದು ಹೊಳಪು ತಿಂದುಹಾಕುತ್ತದೆ, 5 ಮಿ.ಮೀ. ಕಲ್ಲನ್ನು ಎಷ್ಟು ಸಲ ಪಾಲಿಶ್ ಮಾಡಿಸುತ್ತೀರಿ? ಆಯುಧಪೂಜೆಗೆ ಗೇಟಿನ ಬಳಿ ಒಡೆಯುವ ಕುಂಬಳಕಾಯಿಯ ಕುಂಕುಮ ಗೋಡೆಗೆ ಸಿಡಿದರೆ ಆ ಕೆಂಪು ಮುಂದಿನ ದಸರಾಗೂ ಇರುತ್ತದೆ. ಒಡೆಯುವ ಜಾಗವನ್ನು ನಾಲ್ಕು ಮಾರು ದೂರ ಸರಿಸಿ. ಸಂದುಗಳಿಗೆ ತುಂಬುವ ಸಿಲಿಕೋನ್ ಕಲ್ಲಿಗೆ ಕಲೆ ಬಿಡದ ಜಾತಿಯದೇ ಆಗಲಿ, ಇಲ್ಲವಾದರೆ ವರ್ಷದೊಳಗೆ ಪ್ರತಿ ಪ್ಯಾನೆಲ್ಲಿಗೂ ಎಣ್ಣೆ ಇಳಿದಂಥ ಕಪ್ಪು ಅಂಚು ಮೂಡುತ್ತದೆ.

ಎಲ್ಲಕ್ಕಿಂತ ಕೆಟ್ಟ ಶತ್ರು ಎಸಿ ಮೆಕ್ಯಾನಿಕ್ಕಿನ ಡ್ರಿಲ್. ಹೊರಗಿನ ಯೂನಿಟ್ಟಿನ ಪೈಪಿಗೆಂದು ಅವನು ಹೊಡೆಯುವ ಒಂದು ತೂತಿನಿಂದ ಮಳೆನೀರು ಜೇನುಗೂಡಿನೊಳಗೆ ಇಳಿಯುತ್ತದೆ, ಅಲ್ಲೇ ಕೂತು ಅಂಟನ್ನು ಸಡಿಲಿಸುತ್ತದೆ. ಪ್ಯಾನೆಲ್ ಹಾಕುವ ಮೊದಲೇ ಪ್ರತಿ ಮನೆಗೂ ಪೈಪಿನ ದಾರಿ, ಯೂನಿಟ್ ಕೂರಿಸುವ ಜಾಗ ಗೊತ್ತುಮಾಡಿ ಕೊಡಿ. ಆಮೇಲೆ ಯಾರೂ, ಅಧ್ಯಕ್ಷರ ಮನೆಯವರೂ ಸೇರಿ, ಹೊರಗೋಡೆಗೆ ಒಂದು ಮೊಳೆಯನ್ನೂ ಹೊಡೆಯಕೂಡದೆಂದು ಠರಾವು ಮಾಡಿ.

ಸಮಿತಿಗಳು ಬದಲಾಗುತ್ತವೆ, ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ದಾಖಲೆ ಆರು ತಿಂಗಳಲ್ಲಿ ಯಾರ ಕೈಗೂ ಸಿಗುವುದಿಲ್ಲ. ಯಾವ ಪ್ಯಾನೆಲ್ ಯಾವ ಚೌಕಟ್ಟಿಗೆ ಹೇಗೆ ಸಿಕ್ಕಿಸಿದೆ ಎಂಬ ನಕ್ಷೆ, ಪರೀಕ್ಷಾ ವರದಿಗಳು, ಕಲ್ಲಿನ ಲಾಟ್ ಸಂಖ್ಯೆ ಇವನ್ನು ಕಾಗದದಲ್ಲಿ ಸಂಘದ ಬೀರುವಿನಲ್ಲಿಡಿ. ಒಂದಷ್ಟು ಹೆಚ್ಚುವರಿ ಪ್ಯಾನೆಲ್ಲುಗಳನ್ನು ಅದೇ ಲಾಟಿನಿಂದ ತೆಗೆದಿಡಿ. ಐದು ವರ್ಷದ ನಂತರ ಆ ಬಣ್ಣ, ಆ ಗೆರೆ ಎಲ್ಲಿ ಹುಡುಕಿದರೂ ಸಿಗದು. ವರ್ಷಕ್ಕೊಮ್ಮೆ ಮುಂಗಾರಿಗೆ ಮುನ್ನ ತೊಟ್ಟಿಲು ಇಳಿಸಿ ತಟ್ಟಿ ನೋಡುವ ಖರ್ಚನ್ನು ನಿರ್ವಹಣಾ ಶುಲ್ಕದಲ್ಲೇ ಸೇರಿಸಿ. ಅಷ್ಟು ಖರ್ಚು ಒಗ್ಗುವುದಿಲ್ಲ ಎನ್ನುವ ಸಂಘ ಹೊರಗೋಡೆಗೆ ಒಳ್ಳೆಯ ಬಣ್ಣ ಹೊಡೆಸಿ, ಮಾರ್ಬಲ್ಲನ್ನು ಲಾಬಿಗೆ ಇಟ್ಟುಕೊಳ್ಳುವುದು ವಾಸಿ. ಬಣ್ಣ ಯಾರ ತಲೆಯ ಮೇಲೂ ಬೀಳುವುದಿಲ್ಲ.

ಕೊನೆಯದಾಗಿ, ಕೊಟೇಶನ್ ಕೊಟ್ಟವರ ಬಳಿಯೇ ಸಲಹೆ ಕೇಳಬೇಡಿ. ನಿಮ್ಮ ಕಟ್ಟಡದ ಲೆಕ್ಕ ಹಾಕಿದ ಸ್ಟ್ರಕ್ಚರಲ್ ಎಂಜಿನಿಯರ್ ಯಾರೆಂದು ಹಳೆಯ ನಕ್ಷೆಯಲ್ಲಿ ಬರೆದಿರುತ್ತದೆ. ಅವರನ್ನೋ, ಅವರು ಸಿಗದಿದ್ದರೆ ಬೇರೊಬ್ಬರನ್ನೋ ಹಿಡಿದು, ಫೀಸು ಕೊಟ್ಟು, ಲಿಖಿತ ಅಭಿಪ್ರಾಯ ಪಡೆಯಿರಿ. ಅದು ಕೈಗೆ ಬರುವ ತನಕ ಮುಂಗಡದ ಚೆಕ್ಕಿಗೆ ಸಹಿ ಹಾಕದಿರಿ ಎಂದು ಖಜಾಂಚಿಗಳಲ್ಲಿ ವಿಶೇಷವಾಗಿ ಕೋರುತ್ತೇನೆ.



ಇತಿ ತಮ್ಮ ವಿಶ್ವಾಸಿ,
ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್
ಬಸವನಗುಡಿ, ಬೆಂಗಳೂರು